ಹನ್ನೊಂದು ದಿನದ ಸಂದು

ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಬಸ್ಸು ಇನ್ನೈದು ನಿಮಿಷದಲ್ಲಿ ಹೊರಡಲಿದೆ, ಪ್ರಯಾಣಿಕರು ದಯವಿಟ್ಟು — ಅರೆ, ಇದು ತನ್ನದೇ ದನಿಯಲ್ಲವೇ, ಅವಳಿಗೆ ಕಿಸಕ್ಕನೆ ನಗು ಬಂತು, ತಾನು ರಜೆ ಹಾಕಿದರೂ ದನಿಗೆ ರಜೆಯಿಲ್ಲ, ರೆಕಾರ್ಡು ಮಾಡಿಟ್ಟುಕೊಂಡಿದ್ದಾರೆ, ಇಪ್ಪತ್ತೆರಡು ವರ್ಷ ಗಾಜಿನ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು ದಿನಕ್ಕೆ ಆರು ಸಲ ಊರವರನ್ನೆಲ್ಲ ಸಮುದ್ರಕ್ಕೆ ಕಳಿಸಿಕೊಟ್ಟವಳು ಇವತ್ತು ಮೊದಲ ಬಾರಿಗೆ ಆ ಬಸ್ಸಿನೊಳಗೆ, ಅದೂ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಕಿಟಕಿಗೆ ಅಂಟಿಕೊಂಡು ಅತ್ತೆ, ಅತ್ತೆಯ ತೊಡೆಯ ಮೇಲೆ ಅವರಿಗಿಂತ ದೊಡ್ಡ ಚೀಲ, ಅದು ನಿನ್ನ ಧ್ವನಿ ಅಲ್ವೇನೇ, ಹೌದು ಅತ್ತೆ, ಮನೇಲಿ ಒಂದು ದಿನಾನೂ ಇಷ್ಟು ಮೆತ್ತಗೆ ಮಾತಾಡಿಲ್ವಲ್ಲೇ ನೀನು — ಚಾಲಕ ಸ್ಟಿಯರಿಂಗಿನ ಮೇಲೆ ಬಗ್ಗಿ ನಕ್ಕ, ನಗಲಿ, ಈ ಸಂದನ್ನು ತೋರಿಸಿಕೊಟ್ಟ ಪುಣ್ಯಾತ್ಮ ಅವನೇ. ಸಂದು ಅಂದರೆ ಹನ್ನೊಂದೇ ಹನ್ನೊಂದು ದಿನ. ಚಳಿಗಾಲದಲ್ಲಿ ನಾಲ್ಕನೇ ಪ್ಲಾಟ್‌ಫಾರ್ಮಿನ ಸಾಲು ಸೈಕಲ್ ಸ್ಟ್ಯಾಂಡಿನವರೆಗೆ ಹಬ್ಬುತ್ತದೆ, ಆಗ ಸಮುದ್ರದೂರಿನಲ್ಲಿ ಒಂದು ರಾತ್ರಿ ಮಲಗುವ ದುಡ್ಡಿಗೆ ಇಲ್ಲಿ ತಿಂಗಳಿಡೀ ಮಲಗಬಹುದು. ಬೇಸಿಗೆ ಬಂತೆಂದರೆ ಶಾಲೆಗೆ ರಜೆ, ಸೀಟಿಗೆ ಮೂವರು ಮಕ್ಕಳು, ಈಜಲು ಗಾಳಿ ತುಂಬಿದ ರಬ್ಬರ್ ಬಾತುಕೋಳಿಗಳು. ಮಳೆ ಹಿಡಿಯಿತೋ ದೋಣಿಗಳೆಲ್ಲ ದಡ ಹತ್ತಿ ಬೋರಲು ಬೀಳುತ್ತವೆ. ಶಾಲೆಯ ಬಾಗಿಲು ತೆರೆದ ಮೇಲೆ, ಮೊದಲ ಮಳೆಗೆ ಮುಂಚೆ, ಬಸ್ಸು ಖಾಲಿ ಡಬ್ಬದ ಹಾಗೆ ಗಡಗಡ ಹೋಗುತ್ತದೆ, ವರ್ಷ ವರ್ಷವೂ ಗಾಜಿನ ಈಚೆಯಿಂದ ನೋಡಿದ್ದಳು, ನೋಡಿಯೂ ಹೊಳೆದಿರಲಿಲ್ಲ, ಒಂದು ದಿನ ಚಹಾ ಕುಡಿಯುತ್ತ ಈ ಚಾಲಕ, ಅಕ್ಕಾ, ಹೋಗೋದಾದ್ರೆ ಈಗ ಹೋಗ್ಬೇಕು ನೋಡಿ, ರೂಮು ಅರ್ಧ ದುಡ್ಡಿಗೆ, ಸಮುದ್ರ ಪೂರ್ತಿ ನಿಮ್ಮದೇ ಅಂದಾಗ, ಹೌದಲ್ಲ, ತನಗೇಕೆ ಹೊಳೆಯಲಿಲ್ಲ. ಅತ್ತೆಗೆ ಹೇಳಿದ್ದೇ ತಡ, ಸಂಜೆಯೊಳಗೆ ಚೀಲ ತುಂಬಿತ್ತು. ನಲವತ್ತಾರು ವರ್ಷದ ಹಿಂದೆ ಮಾವ ಇದೇ ಸಮುದ್ರದೂರಿಗೆ ಟಿಕೆಟ್ ತಂದಿದ್ದರಂತೆ, ಹೊರಡುವ ಬೆಳಿಗ್ಗೆ ಮಗುವಿಗೆ ಜ್ವರ, ಆ ಮಗು ಬೆಳೆದು ಅವಳ ಗಂಡನಾಗಿ ಬೇಕರಿ ನಡೆಸುತ್ತಿದೆ, ಇವತ್ತಿಗೂ ಅವನು ಕೆಮ್ಮಿದರೆ ಸಾಕು, ಇವನಿಂದಲೇ ಕಣೇ ನನ್ನ ಸಮುದ್ರ ತಪ್ಪಿದ್ದು ಅನ್ನುತ್ತಾರೆ ಅತ್ತೆ. ಮುಂದಿನ ತಿಂಗಳು ಅತ್ತೆಯ ಎರಡೂ ಮಂಡಿಗೆ ಆಪರೇಷನ್, ಆಮೇಲೆ ಬಹಳ ಕಾಲ ಮರಳಿನ ಮೇಲೆಲ್ಲ ನಡೆಯೋ ಹಾಗಿಲ್ಲ ಅಂದಿದ್ದಾರೆ ಡಾಕ್ಟರು, ಬಹಳ ಕಾಲ ಅಂದರೆ ಎಷ್ಟು ಎಂದು ಎಪ್ಪತ್ತರ ಹೆಂಗಸು ಕೇಳಲೂ ಇಲ್ಲ, ಅದಕ್ಕೇ, ಈ ವರ್ಷವೇ. ಮಳೆ ಹಿಡ್ಕೊಂಡ್ರೆ ಇಬ್ರೂ ರೂಮಲ್ಲಿ ಕೂತು ಜಗಳ ಆಡ್ತೀರಷ್ಟೆ ಅಂದ ಗಂಡ, ಅವನ ಬಾಯಿಗೆ ಬನ್ನು ತುರುಕಬೇಕಿತ್ತು.

ಘಟ್ಟ ಇಳಿಯುವಾಗ ಮುಂದಿನ ಗಾಜಿಗೆ ಟಪ್ಪೆಂದು ಒಂದು ಹನಿ. ಹಕ್ಕಿಯದ್ದಿರಬೇಕು, ಹಕ್ಕಿಯದ್ದೇ ಆಗಿರಲಿ — ಎರಡನೆಯದು, ಹತ್ತನೆಯದು, ಆಮೇಲೆ ಎಣಿಸುವ ಮಾತೇ ಇಲ್ಲ, ಇವತ್ತು ಹನ್ನೊಂದರಲ್ಲಿ ಇನ್ನೂ ನಾಲ್ಕನೇ ದಿನ, ಎರಡು ಕಡೆಯಿಂದಲೂ ದೂರ ಇರಲಿ ಎಂದು ಅಳೆದು ಸುರಿದು ಆರಿಸಿದ ದಿನ, ಚಾಲಕ ಕನ್ನಡಿಯಲ್ಲಿ ಇವಳ ಮುಖ ನೋಡಿ ವಾರ ಮುಂಚೆ ಬಂದುಬಿಡ್ತಲ್ಲಕ್ಕ ಅಂದ, ತಾನೇ ಮಳೆ ಸುರಿಸಿದವನ ಹಾಗೆ, ಅತ್ತೆ ಬಾಯಿ ತೆರೆದು ನಿದ್ದೆ, ಎದ್ದರೆ ಏನು ಹೇಳುವುದು. ಬಸ್ಸಿಳಿದು ನೆನೆಯುತ್ತ ಹೋದರೆ, ಲಾಡ್ಜಿನ ಒಡತಿ ಮೂಗಿನ ತುದಿಯ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದಳು, ತೊಟ್ಟಿಕ್ಕುವ ಚೀಲವನ್ನೂ, ಮಳೆ ಬಿತ್ತಲ್ಲಮ್ಮ, ಇವತ್ತಿಂದ ಮಳೆಗಾಲದ ದರ, ಕೆಳಗಿನ ಕೋಣೆ ದುಡ್ಡಿಗೇ ಮೇಲಿನದು ತಗೊಳ್ಳಿ, ಕಿಟಕಿ ಪೂರ್ತಿ ಸಮುದ್ರ — ಏನಂದಳು, ಇನ್ನೊಂದು ಸಲ ಹೇಳಲಿ, ಅರ್ಧದಲ್ಲೂ ಕಡಿಮೆಯೇ, ಹಾಗಾದರೆ ನಾಲ್ಕು ದಿನದ ಬದಲು ಆರು ದಿನ ಇರಬಹುದು. ಆದರೆ ಹತ್ತೊಂಬತ್ತು ಮೆಟ್ಟಿಲು. ಅತ್ತೆ ಕಂಬಿ ಹಿಡಿದು ಒಂದೊಂದಕ್ಕೂ ನಿಂತರು, ಎಂಟರಲ್ಲಿ ಏದುಸಿರು ಬಿಡುತ್ತ ದನಿ ಮೆತ್ತಗೆ ಮಾಡಿ, ಎಂಟನೇ ಮೆಟ್ಟಿಲಿನಲ್ಲಿ ನಿಂತಿರುವ ಅತ್ತೆ ಇನ್ನೈದು ನಿಮಿಷದಲ್ಲಿ ಹೊರಡಲಿದ್ದಾರೆ ಅಂದುಬಿಟ್ಟರು, ಅವಳು ಚೀಲ ಬಿಟ್ಟು ಮೆಟ್ಟಿಲ ಮೇಲೇ ಕೂತಳು, ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ, ಮದುವೆಯಾದಾಗಿನಿಂದ ಹೀಗೆ ಜೊತೆಯಲ್ಲಿ ನಕ್ಕಿದ್ದುಂಟಾ, ನೆನಪಿಗೆ ಬರಲಿಲ್ಲ.

ಮಳೆ ಸ್ವಲ್ಪ ಬಿಟ್ಟಿತು, ಬಿಟ್ಟ ಕೂಡಲೇ ಕೆಳಗಿಳಿದರು, ದಡದಲ್ಲಿ ಕೆಂಪು ಬಾವುಟ, ಬಾವುಟದ ಪಕ್ಕ ಸೀಟಿ ಕಚ್ಚಿಕೊಂಡ ಕಾವಲುಗಾರ, ಅವನು ಬಿಟ್ಟರೆ ಮೈಲಿಗಟ್ಟಲೆ ನರಪಿಳ್ಳೆ ಇಲ್ಲ, ಮತ್ತೆ ಅದು — ಇಷ್ಟು ದೊಡ್ಡದು ಇಷ್ಟು ಹೊತ್ತು ಎಲ್ಲಿತ್ತು, ಬೂದಿ ಬಣ್ಣ, ಮೈ ಮುರಿಯುವ ಹಾಗೆ ಏಳುತ್ತದೆ, ಉಪ್ಪು ತುಟಿಗೇ ಬಂತು, ಅತ್ತೆ ಚಪ್ಪಲಿ ಕಳಚಿ ಅವಳ ಕೈಗೆ ಕೊಟ್ಟರು, ಹೊರಟೇಬಿಟ್ಟರು, ಸೀಟಿ ಕೂಗಿತು, ಅಜ್ಜೀ ಪಾದ ನೆನೆದ್ರೆ ಸಾಕು, ಮಂಡಿವರೆಗೆ ಬೇಡ, ಅತ್ತೆ ತಿರುಗಿಯೂ ನೋಡದೆ, ನೆನೀಲಿ ಬಿಡಪ್ಪ, ಹೇಗೂ ಮುಂದಿನ ತಿಂಗಳು ಬದಲಾಯಿಸ್ತಾರೆ, ಹಳೇ ಮಂಡಿ. ಕಾವಲುಗಾರನ ಬಾಯಿಂದ ಸೀಟಿ ಕಳಚಿ ಬಿತ್ತು. ಆದರೂ ಪಾದ ನೆನೆಯುವಲ್ಲಿಯೇ ನಿಂತರು, ನೀರು ಬಂತು, ಹಿಂದಕ್ಕೆ ಹೋಗುತ್ತ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು, ಅತ್ತೆಯ ಹಿಮ್ಮಡಿ ಎರಡೂ ಒಂದಿಷ್ಟು ಇಳಿದವು, ಅಯ್ಯೋ ಎಳೀತಿದೆ ಕಣೇ, ಹಿಡ್ಕೊ, ಅವಳು ಓಡಿಹೋಗಿ ಕೈ ಹಿಡಿದಳು, ಅತ್ತೆಯ ಕೈ ಇಷ್ಟು ಚಿಕ್ಕದೇ, ಗಂಡನಿಗೆ ಫೋನು ಮಾಡಬೇಕು, ಮಳೆ ಬಂತು ಜಗಳ ಆಡುತ್ತಿದ್ದೇವೆ ಎನ್ನಬೇಕು, ಮತ್ತೆ ನೀರು, ಹಿಮ್ಮಡಿ ಇನ್ನೂ ಇಳಿದವು, ಒದ್ದೆ ಬಟ್ಟೆ ಎಲ್ಲಿ ಒಣಗಿಸುವುದು, ಡಾಕ್ಟರು ಏನು ಹೇಳುತ್ತಾರೋ, ಹೇಳಲಿ, ದೂರದಿಂದ ಮತ್ತೆ ಮಳೆ ನೀರಿನ ಮೇಲೆ ನಡೆದು ಬರುತ್ತಿದೆ, ಹೋಗೋಣ್ವಾ ಅತ್ತೆ, ಇರೇ, ಇನ್ನೊಂದು ಬರಲಿ, ಇನ್ನೊಂದು ಬಂತು, ಹೋಯಿತು, ಫೋನು ಆಮೇಲೆ, ಎಲ್ಲ ಆಮೇಲೆ — ಮರಳಲ್ಲಿ ಅರ್ಧ ಹೂತ ಎರಡು ಹಿಮ್ಮಡಿ, ಬಿರುಕು ಬಿಟ್ಟ, ಉಜ್ಜಿ ತೊಳೆದಂತೆ ಬೆಳ್ಳಗಾದ ಹಿಮ್ಮಡಿ.