ಕ್ರಿಸ್ಪುಲೊ ಬರೆದ ಪುಸ್ತಕ

ಬೆನಿಗ್ನೊ ಮೇಷ್ಟರು ನಿಮಿಯಾಳ ಕೈಗೆ ಕುಂಚ ತುರುಕಿ, ಅವಳ ಮುಂದೆ ಒಂದು ರಟ್ಟನ್ನೂ ತಳ್ಳಿದರು.

"ಕೂತ್ಕೋ ಇಲ್ಲಿ. ಬೆಳಗ್ಗಿಂದ ಗೇಟಿಗೂ ಅಡುಗೆಮನೆಗೂ ಓಡಾಡ್ತಾನೇ ಇದೀಯ. ಹೆಸರು ಕೆಳಗಡೆ, ದಪ್ಪ ಅಕ್ಷರದಲ್ಲಿ. ಕ್ರಿಸ್ಪುಲೊ ಆಯಾಲಾ. ಮೇಲೆ ಜಾಗ ಬಿಡು, ಪುಸ್ತಕಕ್ಕೆ ಏನಂತ ಹೆಸರಿಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ."

ಕ್ರಿಸ್ಪುಲೊ ಆಯಾಲಾ ಒಳಗೆ ಹಜಾರದಲ್ಲಿ, ಶವಪೆಟ್ಟಿಗೆಯಲ್ಲಿ ಮಲಗಿದ್ದರು. ನಿನ್ನೆ ಬೆಳಗ್ಗೆ ಕೆಲಸದ ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಿರಲಿಲ್ಲ. ನಾಲ್ಕು ಗಂಟೆಗೆ ಗಾಡಿ ಬರುವುದಿತ್ತು. ಅಷ್ಟರೊಳಗೆ, ಆ ಮೇಜಿನ ಮೇಲೆ ಸಿಕ್ಕ ಅವರ ಪುಸ್ತಕದ ನಲವತ್ತು ಮುಖಪುಟಗಳಿಗೆ ಬಣ್ಣ ಬಳಿಯಬೇಕೆಂದು ಊರಿನ ಲೇಖಕರೆಲ್ಲ ಅಂಗಳದ ಮಾವಿನ ಮರದಡಿ ಹಟ ಹಿಡಿದು ಕೂತಿದ್ದರು. ಆ ಮನೆಯ ಪದ್ಧತಿಯೇ ಹಾಗೆ. ಸೋಪು, ಎಣ್ಣೆ ತುಂಬಿ ಬಂದ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ ಮುಖಪುಟ ಮಾಡುವುದು, ಒಬ್ಬರ ಪುಸ್ತಕಕ್ಕೆ ಉಳಿದವರೆಲ್ಲ ಸೇರಿ ಬಣ್ಣ ಹಚ್ಚುವುದು. ನಮ್ಮ ಅಸುನ್ಸಿಯೋನಿನಲ್ಲಿ ಬರೆಯುವವರಿಗೆ ಎಂದೂ ಬರವಿಲ್ಲ, ಬರವೇನಿದ್ದರೂ ಓದುವವರಿಗೆ. ದೊಡ್ಡ ಪ್ರಕಾಶಕರು ತಿರುಗಿ ನೋಡದ ನಲವತ್ತೆರಡು ಜನರನ್ನು ದೊನ್ ಕ್ರಿಸ್ಪುಲೊ ಈ ಅಂಗಳದಲ್ಲೇ ಲೇಖಕರನ್ನಾಗಿ ಮಾಡಿದ್ದರು.

ನಿಮಿಯಾ ಕುಂಚವನ್ನು ನೀಲಿ ಬಣ್ಣದಲ್ಲಿ ಅದ್ದಿದಳು. ಅದ್ದಿದ್ದನ್ನು ಡಬ್ಬಿಯ ಅಂಚಿಗೆ ಒರೆಸಿದಳು. ಮತ್ತೆ ಅದ್ದಿದಳು.

"ಏನಮ್ಮ, ಅಕ್ಷರ ಮರೆತುಹೋಯ್ತಾ?" ಪಕ್ಕದಲ್ಲಿದ್ದ ಠಾಣೆಯ ಗುಮಾಸ್ತ ಕೇಳಿದ. ಅವನು ಮೂರು ಪತ್ತೇದಾರಿ ಕಾದಂಬರಿಗಳ ಕರ್ತೃ. ಮೂರರಲ್ಲೂ ಕೊಲೆಗಾರ ಯಾರೆಂದು ಎರಡನೆಯ ಪುಟದಲ್ಲೇ ತಿಳಿಯುತ್ತದೆ.

"ಸೆಖೆ," ಎಂದಳು ನಿಮಿಯಾ.

"ಸೆಖೆ ಅಲ್ಲ, ದುಃಖ. ನಮಗೆಲ್ಲ ಹಂಗೇ ಆಗಿದೆ ನೋಡು. ಇಷ್ಟು ವರ್ಷ ನಮ್ಮ ಕಸಾನೆಲ್ಲ ತಿದ್ದಿ ತಿದ್ದಿ ಕೊಟ್ಟ ಮನುಷ್ಯ, ಒಳಗೊಳಗೇ ಇಂಥದ್ದೊಂದು ಬರೀತಿದ್ದ! ಬ್ಲಾಸಿದಾಳ ಕೋಳಿ ಹೋಗಿ ಮೇಯರ್ ಟೋಪಿ ಮೇಲೆ ಕೂತ್ಕೊಳ್ಳುತ್ತಲ್ಲ, ಅದನ್ನ ಮೇಷ್ಟ್ರು ಓದ್ದಾಗ ಸಾವಿನ ಮನೆ ಅನ್ನೋದೂ ಮರೆತು ನಕ್ಕುಬಿಟ್ಟೆ."

ನಿಮಿಯಾಗೂ ಗೊತ್ತಿತ್ತು. ಎಲ್ಲರೂ ನಕ್ಕಿದ್ದರು. ಆ ಕೋಳಿಯನ್ನು ಟೋಪಿಯ ಮೇಲೆ ಕೂರಿಸಲು ಅವಳಿಗೆ ಒಂದು ಇಡೀ ಬೇಸಿಗೆ ಹಿಡಿದಿತ್ತು.

*

ಅವಳು ಮಾರುಕಟ್ಟೆಯಲ್ಲಿ ತೆರೆರೆ ಎಂಬ ತಣ್ಣನೆಯ ಪಾನೀಯಕ್ಕೆ ಹಾಕುವ ಸೊಪ್ಪು, ಬೇರು ಮಾರುವವಳು. ಗಿರಾಕಿ ಬಂದಾಗ ಒರಳಲ್ಲಿ ಪುದೀನ ಜಜ್ಜಿಕೊಡುವುದು, ಹೋದಮೇಲೆ ಬರೆಯುವುದು. ಸೊಪ್ಪು ಕಟ್ಟುವ ಕಂದು ಕಾಗದದ ಮೇಲೆ, ಪೆನ್ಸಿಲಿನಲ್ಲಿ, ಗ್ವಾರಾನಿಯನ್ನೂ ಸ್ಪ್ಯಾನಿಷನ್ನೂ ಬಾಯಿಗೆ ಬಂದಂತೆ ಬೆರೆಸಿ ಹನ್ನೊಂದು ವರ್ಷ ಬರೆದಳು. ಹೊಳೆ ಉಕ್ಕಿದಾಗಲೆಲ್ಲ ಮನೆಯ ತಗಡು ಬಿಚ್ಚಿಕೊಂಡು ಮೇಲಿನ ಚೌಕಕ್ಕೆ ಗುಳೆ ಹೋಗುವ ಬ್ಲಾಸಿದಾ ಎಂಬವಳ ಕತೆ. ಆ ಕಟ್ಟನ್ನು ಎದೆಗವುಚಿಕೊಂಡು ಮೊದಲ ಸಲ ಈ ಅಂಗಳಕ್ಕೆ ಬಂದು, ಅದನ್ನು ಮೇಜಿನ ಮೇಲಿಟ್ಟಳು.

ದೊನ್ ಕ್ರಿಸ್ಪುಲೊ ಕಾಗದವನ್ನು ಮೂಸಿ ನೋಡಿದರು.

"ನಿಂಬೆಹುಲ್ಲಿನ ವಾಸನೆ," ಎಂದರು. "ಈವರೆಗೆ ಬಂದಿದ್ದೆಲ್ಲ ಸಿಗರೇಟು ವಾಸನೆಯವೇ."

"ಟೈಪ್ ಮಾಡ್ಸಿಲ್ಲ ಸಾರ್. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ."

"ಟೈಪ್ ಮಾಡೋಳು ಇದನ್ನ ನೋಡಿದ್ರೆ ಕೆಲಸ ಬಿಟ್ಟು ಓಡ್ತಾಳೆ. ನಾನೇ ನೋಟ್‌ಬುಕ್ಕಿಗೆ ಇಳಿಸ್ತೀನಿ. ಎಲ್ಲ ಒಟ್ಟಿಗೆ ಬೇಡ, ಒಂದೊಂದೇ ಅಧ್ಯಾಯ ತಾ. ಇಳಿಸಿದ್ದು ವಾಪಸ್ ತಗೊಂಡು ಹೋಗು. ಮತ್ತೆ ಯಾರಿಗೂ ಹೇಳ್ಬೇಡ. ಹೊಟ್ಟೇಲಿರೋ ಕೂಸಿನ ಸುದ್ದಿ ಸಂತೇಲಿ ಆಡಬಾರದು."

ಅದು ಅವರ ನಿಯಮ. ಅಚ್ಚಾಗುವ ತನಕ ಯಾರ ಪುಸ್ತಕ ಎಂಬುದು ಹೆಂಡತಿಗೂ ತಿಳಿಯಬಾರದು. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ಬಂದ ಮನುಷ್ಯ. ಸ್ವಂತದ್ದೆಂದು ಒಂದು ಸಾಲು ಬರೆದವರಲ್ಲ. ಊರಿನ ಕವಿಗಳು ಬೆನ್ನ ಹಿಂದೆ ಅವರನ್ನು 'ಬಂಜೆ ಸೂಲಗಿತ್ತಿ' ಎನ್ನುತ್ತಿದ್ದರು. ಗಂಡಹೆಂಡಿರಿಗೆ ಮಕ್ಕಳೂ ಇರಲಿಲ್ಲವಾದ್ದರಿಂದ ಆ ಮಾತು ಹೆಂಡತಿ ದೊನ್ಯಾ ಎಲಾಡಿಯಾಗೆ ಎರಡು ಕಡೆಯಿಂದ ಚುಚ್ಚುತ್ತಿತ್ತು.

ನಿಮಿಯಾ ತಿಂಗಳಿಗೊಮ್ಮೆ ಒಂದು ಅಧ್ಯಾಯ ತಂದಳು. ಅವರು ಇಳಿಸುತ್ತಿದ್ದರು. ಒಂದು ಪದ ಒರಟೆನಿಸಿದರೆ ಹೊಡೆದುಹಾಕಿ ನಯವಾದದ್ದು ಬರೆಯುತ್ತಿದ್ದರು. ಮರುದಿನ ಅದನ್ನೂ ಹೊಡೆದು ಅವಳದ್ದನ್ನೇ ಮತ್ತೆ ಬರೆಯುತ್ತಿದ್ದರು. "ನಿನ್ನದೇ ಸರಿ ಕಣಮ್ಮ," ಎನ್ನುತ್ತಿದ್ದರು, ತಮ್ಮ ಮೇಲೇ ಸಿಟ್ಟು ಬಂದವರಂತೆ. ಸೋಮವಾರ ಹನ್ನೊಂದನೆಯದನ್ನು ವಾಪಸ್ ಕೊಟ್ಟು, "ಇನ್ನು ಕೊನೇದು ತಾ. ಅವಳು ದಾಟ್ತಾಳೋ ಇಲ್ವೋ ಅಂತ ನಂಗೂ ಸಮಾಧಾನ ಇಲ್ಲ," ಎಂದಿದ್ದರು. ಮಂಗಳವಾರ ಅವರೇ ಇರಲಿಲ್ಲ.

ಮೇಜಿನ ಮೇಲೆ ಉಳಿದಿದ್ದು ನೋಟ್‌ಬುಕ್ಕು ಮಾತ್ರ. ಗಂಡನ ಅಕ್ಷರ, ಗಂಡನೇ ಹೊಡೆದು ತಿದ್ದಿದ ಗುರುತು. ದೊನ್ಯಾ ಎಲಾಡಿಯಾ ಅದನ್ನೆತ್ತಿಕೊಂಡು ಬೀದಿಯವರಿಗೆಲ್ಲ ತೋರಿಸಿದ್ದರು.

*

"ಅಕ್ಕ, ನೀವೂ ಒಂದು ಹೆಸರು ಹೇಳಿ," ಬೆನಿಗ್ನೊ ಮೇಷ್ಟರು ಕಿಟಕಿಯತ್ತ ಕೂಗಿದರು. "ನಾನು 'ನದಿಯ ನಿಟ್ಟುಸಿರು' ಅಂತೀನಿ. ಗುಮಾಸ್ತ 'ಪ್ರವಾಹದ ರಹಸ್ಯ' ಅಂತಾನೆ."

ದೊನ್ಯಾ ಎಲಾಡಿಯಾ ಹೊರಗೆ ಬಂದರು. ಕಪ್ಪು ಉಡುಪು, ಕೆಂಪಾದ ಕಣ್ಣು. ಆದರೆ ಬೆನ್ನು ನೆಟ್ಟಗಿತ್ತು. ಈ ಅಂಗಳದಲ್ಲಿ ಇಷ್ಟು ವರ್ಷ ಕವಿಗಳಿಗೆ ಚಿಪಾ ರೊಟ್ಟಿ ಬೇಯಿಸಿ ಹಾಕಿದ ಹೆಂಗಸು ಇಂದು ಮೊದಲ ಸಲ ಅವರ ನಡುವೆ ತಲೆಯೆತ್ತಿ ನಿಂತಿದ್ದರು.

"ನಂಗೆ ಹೆಸರು ಗಿಸರು ತಿಳಿಯಲ್ಲ ಮೇಷ್ಟ್ರೆ. ಸೂಲಗಿತ್ತಿ ಅಂತಿದ್ರಲ್ಲ, ನೀವೇ ಇಟ್ಟ ಹೆಸರಲ್ವೇ ಅದು? ಇವತ್ತು ಕೂಸನ್ನ ನೋಡಿದ್ರಲ್ಲ, ಅಷ್ಟು ಸಾಕು."

ಮೇಷ್ಟರು ಕೆಮ್ಮಿದರು. ದೊನ್ಯಾ ಎಲಾಡಿಯಾ ನಿಮಿಯಾಳ ಭುಜದ ಮೇಲೆ ಕೈಯಿಟ್ಟರು. "ನೀನು ತುಂಬ ಬರ್ತಿದ್ದೆ ಅಲ್ವೇನೆ, ಅವರಿಗೆ ಸೊಪ್ಪು ಕೊಡೋಕೆ. ಬರೀ, ಚೆನ್ನಾಗಿ ಬರೀ ಅವರ ಹೆಸರು."

ಬಾಯಿಗೆ ಬಿದ್ದ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಂದು ಕಾಗದದ ಕಟ್ಟು ಮನೆಯಲ್ಲಿ ಮಂಚದಡಿ ಭದ್ರವಾಗಿತ್ತು, ನಿಜ. ಆದರೆ ಒಂಬತ್ತನೆಯ ದಿನದ ಪ್ರಾರ್ಥನೆಗೆ ಬಂದವರ ಕೈಗೆಲ್ಲ ಈ ಪುಸ್ತಕ ಹೋದಮೇಲೆ ಯಾರು ನಂಬುತ್ತಾರೆ? ಸತ್ತ ದೊಡ್ಡ ಮನುಷ್ಯನದ್ದನ್ನು ಸೊಪ್ಪಿನವಳು ನಕಲು ಮಾಡಿದಳು ಎನ್ನುತ್ತಾರೆ. ಹನ್ನೊಂದು ವರ್ಷ! ಅವಳಿಗೆ ಸತ್ತವರ ಮೇಲೆ ಸಿಟ್ಟು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ಗೇಟಿನ ತನಕ ಹೋದಳು. ಅಲ್ಲಿಂದ ಕಿಟಕಿಯಲ್ಲಿ ದೊನ್ಯಾ ಎಲಾಡಿಯಾ ಶವಪೆಟ್ಟಿಗೆಯ ಮೇಲೆ ಬಾಗಿ ಗಂಡನ ಕಾಲರು ಸರಿಪಡಿಸುತ್ತಿರುವುದು ಕಂಡಿತು. ಹಿಂದಕ್ಕೆ ಬಂದು ಕೂತು, ಒಂದೇ ಉಸಿರಿಗೆ 'ಕ್ರಿಸ್ಪುಲೊ ಆಯಾಲಾ' ಎಂದು ಬರೆದಳು. ಅಕ್ಷರ ಸೊಟ್ಟಗಾದವು.

ಮೂರೂವರೆಗೆ ಮೇಷ್ಟರು ಪೆಟ್ಟಿಗೆಯ ಪಕ್ಕ ನಿಂತು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಓದಿದರು. ಕಂಠ ದೊಡ್ಡದು, ಶಾಲೆಯಲ್ಲಿ ಪಳಗಿದ್ದು. ಹಜಾರ ತುಂಬಿ ಜನ ನಿಂತಿದ್ದರು. ಬ್ಲಾಸಿದಾಳ ಗಂಡಸು ಆಚೆ ದಡಕ್ಕೆ ಹೋಗಿ ಎರಡು ವರ್ಷವಾಗಿದೆ, ನೀರು ಇಳಿದಿದೆ, ಅವಳು ದೋಣಿ ಹತ್ತಿ ಹಗ್ಗ ಬಿಚ್ಚಿ ಕೋಲು ಹಿಡಿದು ನಿಂತಿದ್ದಾಳೆ. ಅಲ್ಲಿಗೆ ನಿಂತಿತು.

"ಇಷ್ಟೇ," ಎಂದರು ಮೇಷ್ಟರು.

"ಮುಂದೆ?" ದೊನ್ಯಾ ಎಲಾಡಿಯಾ ಕೇಳಿದರು. "ಮುಂದೆ ಏನಾಗುತ್ತೆ ಅವಳಿಗೆ?"

"ಬರೆದಿಲ್ಲ ಅಕ್ಕ. ಕೈ ನಿಂತುಹೋಯ್ತಲ್ಲ."

ದೊನ್ಯಾ ಎಲಾಡಿಯಾ ಆಗ ಅತ್ತರು. ಬೆಳಗ್ಗಿನಿಂದ ತಡೆದದ್ದೆಲ್ಲ ಹೊರಬಂತು. "ಇಷ್ಟು ಬರೆದೋರಿಗೆ ಇನ್ನು ನಾಲ್ಕು ದಿನ ಕೊಡಬಾರದಿತ್ತಾ ದೇವ್ರು?"

"ಅಳ್ಬೇಡಿ," ಮೇಷ್ಟರು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡರು. "ಅವರ ಶೈಲಿ ನಂಗೆ ಕೈವಶ ಆಗಿದೆ. ಕೊನೆ ಅಧ್ಯಾಯ ನಾನು ಬರೆದು ಮುಗಿಸ್ತೀನಿ, ಒಂದು ವಾರದಲ್ಲಿ. ಬ್ಲಾಸಿದಾ ದಾಟ್ತಾಳೆ. ಆಚೆ ದಡದಲ್ಲಿ ಅವನು ಕೈ ಚಾಚಿ ನಿಂತಿರ್ತಾನೆ. ಸೂರ್ಯ ಮುಳುಗ್ತಿರ್ತಾನೆ. ಇಬ್ರೂ ತಬ್ಬಿಕೊಂಡು..."

"ದಾಟಲ್ಲ ಅವಳು!"

ಎಲ್ಲರೂ ತಿರುಗಿದರು. ನಿಮಿಯಾಗೆ ತನ್ನ ಧ್ವನಿಯೇ ಬೇರೆ ಯಾರದೋ ಅನಿಸಿತು. ಸತ್ತವರಿಗೆ ಪುಸ್ತಕ ಕೊಟ್ಟುಬಿಡಲು ಅವಳು ಹೆಚ್ಚುಕಮ್ಮಿ ಮನಸ್ಸು ಮಾಡಿದ್ದಳು. ಬೆನಿಗ್ನೊ ಮೇಷ್ಟರಿಗೆ ಬ್ಲಾಸಿದಾಳನ್ನು ಕೊಡಲು ಮಾತ್ರ ಅವಳಿಂದ ಆಗಲಿಲ್ಲ.

"ಓಹೋ," ಮೇಷ್ಟರು ನಕ್ಕರು. "ಸೊಪ್ಪಿನ ಅಂಗಡೀಲಿ ಈಗ ವಿಮರ್ಶೇನೂ ಸಿಗುತ್ತೋ?"

ದೊನ್ಯಾ ಎಲಾಡಿಯಾ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದರು. "ನಿಂಗೆ ಹೇಗೆ ಗೊತ್ತು?"

ಆ ಮುಖ ನೋಡಿದ ಮೇಲೆ ನಿಜ ಹೇಳುವ ಎದೆ ನಿಮಿಯಾಗೆ ಉಳಿಯಲಿಲ್ಲ.

"ಅವರೇ ಹೇಳಿದ್ರು ಅಮ್ಮ. ಸೋಮವಾರ. ಕೊನೆ ಹೀಗೆ ಮಾಡ್ತೀನಿ ಅಂದ್ರು."

ಹೊರಗೆ ಗಾಡಿಯ ಹಾರನ್ ಕೇಳಿತು. ಗುಮಾಸ್ತ ಮತ್ತು ಇನ್ನೈದು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು.

*

ಸ್ಮಶಾನದಲ್ಲಿ ಮೇಷ್ಟರ ಭಾಷಣ ಉದ್ದವಾಯಿತು. ನಮ್ಮೆಲ್ಲರನ್ನು ಲೇಖಕರನ್ನಾಗಿ ಮಾಡಿದವರೇ ನಮ್ಮೆಲ್ಲರಿಗಿಂತ ದೊಡ್ಡ ಲೇಖಕರಾಗಿದ್ದರು ಎಂದರು. ಜನ ಚಪ್ಪಾಳೆ ತಟ್ಟಿದರು. ನಿಮಿಯಾಳೂ ತಟ್ಟಿದಳು. ಅವಳ ಬೆರಳುಗಳಲ್ಲಿ ನೀಲಿ ಬಣ್ಣವಿತ್ತು. ಹನ್ನೊಂದು ವರ್ಷದ್ದನ್ನೂ ಆ ಗುಂಡಿಗೇ ಹಾಕಿ ಮುಚ್ಚಿದಂತೆ ಅನಿಸಿ ಅವಳಿಗೆ ಅಳು ಬಂತು. ಪಕ್ಕದವರು ಸತ್ತವರಿಗಾಗಿ ಎಂದುಕೊಂಡು ಬೆನ್ನು ಸವರಿದರು. ಅದೂ ಪೂರ್ತಿ ಸುಳ್ಳಾಗಿರಲಿಲ್ಲ.

ಮನೆಗೆ ಮರಳಿದಾಗ ಇನ್ನೂ ಬಿಸಿಲಿತ್ತು. ಬಟ್ಟೆ ಒಣಗಿಸುವ ತಂತಿಗೆ ಚಿಮಟ ಸಿಕ್ಕಿಸಿದ ನಲವತ್ತು ಮುಖಪುಟಗಳು ಒಣಗಿದ್ದವು. ಒಂದೊಂದರಲ್ಲೂ ಒಂದೊಂದು ಬಣ್ಣದಲ್ಲಿ ಅದೇ ಹೆಸರು. ಬಂದವರು ಒಬ್ಬೊಬ್ಬರಾಗಿ ಹೊರಟುಹೋದರು. ನಿಮಿಯಾ ಹೊರಡಲೆಂದು ಎದ್ದಾಗ ದೊನ್ಯಾ ಎಲಾಡಿಯಾ ಕೈ ಹಿಡಿದು ಮೇಜಿನ ಬಳಿ ಕೂರಿಸಿ, ತೆರೆರೆ ತುಂಬಿದ ಕೊಂಬಿನ ಲೋಟವನ್ನು ಅವಳತ್ತ ಚಾಚಿದರು.

"ಹೇಳು. ಪೂರ್ತಿ ಹೇಳು. ಯಾಕೆ ದಾಟಲ್ಲ?"

"ಹಗ್ಗ ಮತ್ತೆ ಕಟ್ಟಿ ಇಳಿದುಬಿಡ್ತಾಳಮ್ಮ. ದೋಣೀಲಿ ನಿಂತಾಗ ಹೊಳೆಯುತ್ತೆ ಅವಳಿಗೆ, ತನಗೆ ಬೇಕಿದ್ದದ್ದು ಆ ಗಂಡಸಲ್ಲ, ಬೈಯೋಕೆ ಒಂದು ಜೀವ ಅಂತ. ಎರಡು ವರ್ಷದಿಂದ ಬಾಯೆಲ್ಲ ತುಕ್ಕು ಹಿಡಿದಿರುತ್ತೆ. ಸೀದಾ ಪಕ್ಕದ ಮನೆಯೋಳ ಹತ್ರ ಹೋಗಿ, 'ನಿನ್ನೆ ಕೊಟ್ಟ ಮರಗೆಣಸು ಬರೀ ನಾರು ಕಣೆ ಮುಂಡೇದೇ' ಅಂತ ಶುರು ಹಚ್ಕೋತಾಳೆ. ಅವಳೂ ಸುಮ್ನಿರಲ್ಲ. ಬೈದು ಬೈದು ಇಬ್ರಿಗೂ ಹಸಿವಾಗುತ್ತೆ."

ದೊನ್ಯಾ ಎಲಾಡಿಯಾ ನಕ್ಕುಬಿಟ್ಟರು. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಲೋಟವನ್ನು ವಾಪಸ್ ತೆಗೆದುಕೊಂಡರು. ಅದರ ಹೀರುಕೊಳವೆಯನ್ನು ಬೆರಳಲ್ಲಿ ತಿರುಗಿಸಿದರು.

"ಇಲ್ಲೇ ಕೂತು ಬರೀತಿದ್ರು," ಎಂದರು. "ನಾನು ಒಲೆ ಮುಂದಿರ್ತಿದ್ದೆ. ಬರೀತಾ ಬರೀತಾ ನಗೋರು. ಹಿಂಗೇ, ತಡೆಯೋಕಾಗ್ದೆ. ನಲವತ್ತು ವರ್ಷ ಸಂಸಾರ ಮಾಡಿದೀನಿ ಕಣೆ. ತನ್ನ ಮಾತಿಗೆ ತಾನೇ ನಗೋ ಗಂಡಸಾಗಿರ್ಲಿಲ್ಲ ಅವರು."

ನಿಮಿಯಾ ತಲೆ ತಗ್ಗಿಸಿದಳು.

"ಅಚ್ಚಾಗೋಕೆ ಮುಂಚೆ ಒಂದು ಕತೇನೂ ನಂಗೆ ಹೇಳಿದೋರಲ್ಲ. ನಿಂಗೆ ಹೇಳಿದ್ರಂತೆ."

"ಅಮ್ಮ, ಇರಲಿ ಬಿಡಿ. ಅವರ ಹೆಸರಲ್ಲೇ ಇರಲಿ. ನಾನು ಯಾರಿಗೂ ಹೇಳಲ್ಲ. ನಿಮ್ಮಾಣೆ."

"ನಂಗೂ ಇರಲಿ ಅಂತ್ಲೇ ಆಸೆ," ಎಂದರು ದೊನ್ಯಾ ಎಲಾಡಿಯಾ. "ಅವರೆದುರು ತಲೆಯೆತ್ತಿ ನಿಂತು ಒಂದೇ ಒಂದು ದಿನ ಆಯ್ತಲ್ಲೇ."

ಅವರು ಎದ್ದು ತಂತಿಯಿಂದ ಮೊದಲ ಮುಖಪುಟವನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಬಿಳಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿದರು. ಅಗಲವಾದ ಕುಂಚ ಅದ್ದಿ, ಗಂಡನ ಹೆಸರಿನ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಎಳೆದರು. ಬಿಳಿ ತೆಳ್ಳಗಿತ್ತು. ಅದರಡಿ ಹೆಸರು ಹಾಗೇ ಕಾಣುತ್ತಿತ್ತು. ದೊನ್ಯಾ ಎಲಾಡಿಯಾ ಅದು ಆರುವ ತನಕ ಊದಿದರು, ಆಮೇಲೆ ಇನ್ನೊಂದು ಕೈ ಬಳಿದರು.