ಕುವಬಾರನ ಪ್ರತಿ

ಇನ್ನೂ ಮುಗಿದಿಲ್ಲ. ಪರದೆಯ ಮೇಲೆ ಫೈಲುಗಳ ಹೆಸರುಗಳು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ ಸರಿಯುತ್ತಿದ್ದವು. ಕುವಬಾರ ಓರೆಗಣ್ಣಿನಲ್ಲಿ ಸುತ್ತ ನೋಡಿದ. ಉಳಿದವರೆಲ್ಲ ಅಪ್‌ಡೇಟ್ ಮುಗಿಸಿ ಕೆಲಸ ಹಿಡಿದಿದ್ದರು.

ನಗೋಯಾದ ಆ ಕಂಪನಿ ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುತ್ತಿತ್ತು. ಎಲ್ಲರ ಕೆಲಸವೂ ಒಂದೇ ಸರ್ವರಿನಲ್ಲಿ. ಬೆಳಿಗ್ಗೆ ಬಂದವರು ಇತರರ ಬದಲಾವಣೆಗಳನ್ನು ತಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಗೆ ಇಳಿಸಿಕೊಂಡು ಮುಂದುವರಿಯಬೇಕು. ಒಂದು ತಿಂಗಳಿಂದ ಕುವಬಾರನ ಬೆಳಗೆಲ್ಲ ಅದರಲ್ಲೇ ಕಳೆಯುತ್ತಿತ್ತು.

ಅವನ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೂ ಕಳೆದ ತಿಂಗಳೇ. ಅಲ್ಲಿ ಬೆಳಕು ಚೆನ್ನಾಗಿದೆ ಎಂದಿದ್ದ ಮುಖ್ಯಸ್ಥ ತೊಕುನಾಗ. ಕಿಟಕಿಯ ಪಕ್ಕ ಯಾರನ್ನು ಕೂರಿಸುತ್ತಾರೆಂಬುದು ಜಪಾನಿನ ಯಾವ ಆಫೀಸಿನಲ್ಲೂ ಗುಟ್ಟಲ್ಲ. ಬೇಡವಾದವನಿಗೆ ಹೋಗು ಎನ್ನುವುದಿಲ್ಲ, ಕೈಯಲ್ಲಿದ್ದ ಕೆಲಸವನ್ನು ಮೆಲ್ಲಗೆ ತೆಗೆದುಕೊಂಡು, ತಾನಾಗಿಯೇ ಹೋಗಲಿ ಎಂದು ಕಾಯುತ್ತಾರೆ. ಈಗ ಸರ್ವರ್ ಅನ್ನೂ ನಿಧಾನಗೊಳಿಸಿ ಅದಕ್ಕೇ ಹಚ್ಚಿರಬೇಕು. ಅವನಿಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗುವುದು?

ಸರ್ವರ್ ನೋಡಿಕೊಳ್ಳುವ ಮಿಯಾಜಿ, ತಂಡದಲ್ಲಿ ಎಲ್ಲರಿಗಿಂತ ಕಿರಿಯಳು, ನಿಧಾನವೇಕೆಂದು ನೋಡಲು ಬಂದು, ಕ್ಷಮೆ ಕೇಳಿ ಅವನ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡಳು.

"ಕುವಬಾರ ಸಾನ್, ನೀವು ಒಂದೊಂದೇ ಫೈಲು ತಗೋತೀರಾ?"

"ಯಾರು ಏನು ಬದಲಾಯಿಸಿದಾರೆ ಅಂತ ನೋಡಿ ತಗೋತೀನಿ."

"ಎಲ್ಲಾನೂ?"

"ನನ್ನದನ್ನ ಬಿಟ್ಟು."

ಲಿಫ್ಟಿನ ಬಾಗಿಲಿನ ಭಾಗ ಅವನದು. ಓಡಿ ಬರುವವರಿಗಾಗಿ ಬಾಗಿಲು ಒಂದು ಕ್ಷಣ ತಡೆದು ನಿಲ್ಲುವಂತೆ ಬರೆದವನು ಅವನೇ. ಅದಕ್ಕೆ ಬೇರೆ ಯಾರೂ ಕೈಹಚ್ಚುವುದಿಲ್ಲವೆಂಬ ಹೆಮ್ಮೆಯಿಂದ ಆ ಫೋಲ್ಡರನ್ನು ಅವನು ಎಂದೂ ಅಪ್‌ಡೇಟ್ ಮಾಡಿರಲಿಲ್ಲ.

"ಹೋದ ತಿಂಗಳು ಸರ್ವರ್ ಅನ್ನ ಒಸಾಕಾಕ್ಕೆ ಸಾಗಿಸಿದೀವಲ್ಲ. ಒಂದೊಂದು ಫೈಲಿಗೂ ಅಲ್ಲೀತನಕ ಹೋಗಿ ಬರ್ತಾ ಇದೀರಿ. ಅದಕ್ಕೇ ನಿಧಾನ."

"ಸಾಗಿಸಿದ್ದು ನನಗ್ಯಾರೂ ಹೇಳಲಿಲ್ಲ."

ಮಿಯಾಜಿ ಪರದೆಯನ್ನೇ ನೋಡುತ್ತಿದ್ದಳು. ಹಳೆಯದು ಇದ್ದಲ್ಲೇ ಇರಲಿ, ಹೊಸ ಪ್ರತಿಯನ್ನು ಒಟ್ಟಿಗೆ ಇಳಿಸುತ್ತೇನೆ ಎಂದಳು. ಅವನ ಚಹಾ ಆರುವುದರೊಳಗೆ ಎಲ್ಲವೂ ಇಳಿದಿತ್ತು. ಇಷ್ಟು ಬೇಗ ಆಗುವುದಾದರೆ ತಿಂಗಳಿಡೀ ನನ್ನನ್ನೇಕೆ ಕಾಯಿಸಿದರು ಎಂದುಕೊಳ್ಳುತ್ತ ಕುವಬಾರ ಹೊಸ ಪ್ರತಿಯಲ್ಲಿ ತನ್ನ ಭಾಗವನ್ನು ಹುಡುಕಿದ. ಮತ್ತೆ ಹುಡುಕಿದ.

"ಬಾಗಿಲಿನ ಫೋಲ್ಡರ್?"

"ಅದನ್ನ ಹೋದ ವರ್ಷಾನೇ ತೆಗೆದುಬಿಟ್ರಲ್ಲ. ಹೊಸದಾಗಿ ಬೇರೆ ಬರೆಸಿದ್ರು." ಅವಳು ಕೀಲಿಮಣೆಯನ್ನು ಅವನತ್ತ ಸರಿಸಿದಳು. "ನಿಮಗೆ ಗೊತ್ತಿರುತ್ತೆ ಅನ್ಕೊಂಡಿದ್ವಿ."

"ಗೊತ್ತಿತ್ತು," ಎಂದ ಕುವಬಾರ.

ಅವಳು ತಲೆಬಾಗಿ ಹೋದಳು. ಒಂದು ವರ್ಷದಿಂದ ಅವನ ಬಾಗಿಲು ಅವನ ಪ್ರತಿಯಲ್ಲಿ ಮಾತ್ರ ಇತ್ತು. ಯಾರೂ ಕೈಹಚ್ಚಿರಲಿಲ್ಲ, ನಿಜವೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಳೆಯ ಪ್ರತಿಯನ್ನು ಅಳಿಸಲು ಹೋದವನು ಅಳಿಸದೆ ಎದ್ದ.

ಊಟದ ಗಂಟೆ ಬಡಿಯಿತು. ಅವನು ಹಜಾರಕ್ಕೆ ಬರುವಷ್ಟರಲ್ಲಿ ಎಲ್ಲರೂ ಲಿಫ್ಟಿನೊಳಗಿದ್ದರು. ತೊಕುನಾಗ ಮೇಲಿನ ಅಂಕಿಗಳನ್ನು ನೋಡುತ್ತಿದ್ದ. ಕಿರಿಯರೇ ಗುಂಡಿ ಒತ್ತುವ ರೂಢಿಯಂತೆ ಗುಂಡಿಗಳ ಬಳಿ ನಿಂತಿದ್ದವಳು ಮಿಯಾಜಿ.

"ಬನ್ನಿ, ಕುವಬಾರ ಸಾನ್," ಎಂದು ಅವಳು ನಕ್ಕಳು.

ಅವನು ಓಡತೊಡಗಿದ. ಬಾಗಿಲು ಸಣ್ಣಗೆ ಅದುರಿತು. ಅವಳ ಕೈ ಗುಂಡಿಯ ಮೇಲಿತ್ತು. ತೆರೆಯುವ ಗುಂಡಿಯೋ ಮುಚ್ಚುವ ಗುಂಡಿಯೋ ಅವನಿಗೆ ಕಾಣಿಸಲಿಲ್ಲ.