ಬಿಳಿ ನೀರುನಾಯಿ ನೋಡುತ್ತಿದ್ದ ಜಾಗ

ಒಂದಾನೊಂದು ಕಾಲದಲ್ಲಿ, ಅಂದರೆ ಕಂಡದ್ದನ್ನೆಲ್ಲ ಜನ ನಂಬುತ್ತಿದ್ದ ಕಾಲ ಮುಗಿದು, ಯಾವುದನ್ನೂ ನಂಬದ ಕಾಲ ಆಗಷ್ಟೇ ಕಣ್ಣುಬಿಡುತ್ತಿದ್ದಾಗ, ಇಲ್ಲದ ಪ್ರಾಣಿಗಳನ್ನು ಹಿಡಿಯುವ ಹುಡುಗಿಯೊಬ್ಬಳಿದ್ದಳು. ಬಲೆಯಿಲ್ಲ, ಬೋನಿಲ್ಲ. ಪತ್ರಿಕೆಯ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು, ಅದರ ಮೇಲೊಂದು ದೊಡ್ಡ ಪರದೆ, ಅಷ್ಟೇ. ನೀಲಿ ಹುಲಿ, ರೆಕ್ಕೆಯಿರುವ ಹಾವು, ಆಳೆತ್ತರದ ಬಾವಲಿ, ಹೀಗೆ ಮೊಬೈಲಿನಿಂದ ಮೊಬೈಲಿಗೆ ಹಾರಾಡಿದ್ದೆಲ್ಲ ಕೊನೆಗೆ ಅವಳ ಮುಂದೆ ಬಂದು ಬೀಳುತ್ತಿತ್ತು. ಬೆಳಕು ಬಂದ ಕಡೆಗೇ ನೆರಳೂ ಬಿದ್ದಿದ್ದರೆ ಸಾಕು, ಹುಲಿಯ ಬಣ್ಣ ಬಯಲಾಗುತ್ತಿತ್ತು. ಮರುದಿನದ ಪುಟದಲ್ಲಿ ಚಿತ್ರದ ಕೆಳಗೆ ತೀರ್ಪು ಬರುತ್ತಿತ್ತು: 'ನಿಜ', ಇಲ್ಲವೇ 'ತಿದ್ದಿದ್ದು'.

ಆ ವಾರ ಬಂದು ಬಿದ್ದದ್ದು ಅವಳ ಸ್ವಂತ ಅಣ್ಣ ತೆಗೆದ ಚಿತ್ರ.

ಅಣ್ಣ ಕಾಡುಪ್ರಾಣಿಗಳ ಫೋಟೊ ತೆಗೆಯುತ್ತಿದ್ದವನು. ಕಾಡಿನಿಂದ ಜ್ವರ ಹೊತ್ತು ಬಂದು ಮಲಗಿದವನು ಮತ್ತೆ ಏಳಲಿಲ್ಲ. ಅವನ ಕಂಪ್ಯೂಟರಿನಲ್ಲಿ ಕೊನೆಯ ಚಿತ್ರ ಅತ್ತಿಗೆಗೆ ಸಿಕ್ಕಿತು. ಮಡುವಿನ ಅಂಚಿನ ಬಂಡೆಯ ಮೇಲೆ ಒಂದು ನೀರುನಾಯಿ. ಮೈಯೆಲ್ಲ ಹಾಲಿನಂತೆ ಬಿಳಿ. ಗಂಡನ ನೆನಪಿಗೆಂದು ಅತ್ತಿಗೆ ಅದನ್ನು ಮೊಬೈಲಿನಲ್ಲಿ ಎಲ್ಲರೊಡನೆ ಹಂಚಿಕೊಂಡಳು. ಕೆಳಗೆ ಆ ಮಡುವಿನ ಹೆಸರನ್ನೂ ಬರೆದಳು. ಸಂತಾಪ ಸೂಚಿಸಲು ಬಂದವರು ಎರಡೇ ದಿನದಲ್ಲಿ ತಿರುಗಿಬಿದ್ದರು. ಬಿಳಿ ನೀರುನಾಯಿ ಎಲ್ಲಾದರೂ ಉಂಟೇ, ಸಾಯುವಾಗಲೂ ಸುಳ್ಳು ಬಿಟ್ಟುಹೋದ ಎಂದರು.

"ತೀರ್ಪು ನೀನೇ ಬರೀಬೇಕು ಕಣೇ," ಎಂದು ಅತ್ತಿಗೆ ಫೋನಿನಲ್ಲಿ ಕೇಳಿದ್ದಳು. "ಏನೇ ಇರಲಿ. ನಿಮ್ಮಣ್ಣನ್ನ ಬೇರೆಯವರ ಕೈಗೆ ಕೊಡ್ಬೇಡ. ಮೊದಲು ನನಗೆ ಹೇಳಿ, ಆಮೇಲೆ ಬರಿ."

ಅವಳು ಮಾತು ಕೊಟ್ಟಿದ್ದಳು.

ಕೊಟ್ಟ ಮೇಲೆ ಆ ಪ್ರಾಣಿ ಅವಳ ಬೆನ್ನು ಬಿಡಲಿಲ್ಲ. ಒದ್ದೆ ಮೆಟ್ಟಿಲ ಮೇಲೆ, ಬಸ್ಸಿನ ಗಾಜಿನ ಮೇಲೆ, ತೊಳೆದಿಟ್ಟ ತಟ್ಟೆಯ ಮೇಲೆ ಏನೋ ಬೆಳ್ಳಗೆ ಸರಿದಂತಾಗುತ್ತಿತ್ತು. ಬಣ್ಣಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಅದರ ನೋಟ. ಅದು ಕ್ಯಾಮೆರಾ ನೋಡುತ್ತಿರಲಿಲ್ಲ, ನೀರನ್ನೂ ನೋಡುತ್ತಿರಲಿಲ್ಲ. ಕತ್ತು ಬಾಗಿಸಿ, ತನ್ನ ಪಕ್ಕದ ಖಾಲಿ ಬಂಡೆಯನ್ನು ಕಣ್ಣು ಕೀಲಿಸಿ ನೋಡುತ್ತಿತ್ತು. ಅಲ್ಲಿ ಯಾರೋ ಕೂತಿದ್ದು ಈಗಷ್ಟೇ ಎದ್ದುಹೋದ ಹಾಗೆ.

ವಿಭಾಗದ ಮುಖ್ಯಸ್ಥರನ್ನು ಕಚೇರಿಯಲ್ಲಿ ಎಲ್ಲರೂ ಹಿಂದಿನಿಂದ 'ಚಾಳೀಸು' ಎನ್ನುತ್ತಿದ್ದರು. ಕನ್ನಡಕ ಹಣೆಗೇರಿಸಿ, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಮನುಷ್ಯ.

"ಏನಮ್ಮ, ಇನ್ನೂ ಅಲ್ಲೇ ಇದ್ದೀಯಾ? ಬೇರೆಯವರಿಗೆ ಕೊಡ್ಲಾ?"

"ಬೇಡ ಸರ್. ಕನ್ನಡಕ ಹಣೆ ಮೇಲಿದೆ."

"ಗೊತ್ತು ಗೊತ್ತು. ಸಂಜೆ ಪುಟ ಅಚ್ಚಿಗೆ ಹೋಗುತ್ತೆ, ನೆನಪಿರಲಿ."

ಅವಳಿಗೊಂದು ಅಭ್ಯಾಸವಿತ್ತು. ಬೆಳಕು, ನೆರಳು ಎಲ್ಲ ನೋಡಿಯೂ ದಾರಿ ಕಾಣದಿದ್ದರೆ ಚಿತ್ರವನ್ನು ತಲೆಕೆಳಗು ಮಾಡುವುದು. ಪ್ರಾಣಿ ಮೇಲೆ ಕೆಳಗಾದರೆ ಕಣ್ಣು ಕಥೆ ಮರೆತು, ಬರೀ ಬಣ್ಣ ಮತ್ತು ಗೆರೆ ನೋಡುತ್ತದೆ. ಅಣ್ಣನ ಚಿತ್ರವನ್ನು ಹಾಗೆ ಮಾಡುವ ಧೈರ್ಯ ಅದುವರೆಗೆ ಬಂದಿರಲಿಲ್ಲ. ಆ ಬೆಳಿಗ್ಗೆ ತಿರುಗಿಸಿಯೇಬಿಟ್ಟಳು.

ನೀರು ಮೇಲೆ ಬಂತು. ನೀರಿನೊಳಗಿನ ಪ್ರತಿಬಿಂಬ ನೆಟ್ಟಗೆ ನಿಂತಿತು. ಅಲ್ಲಿ ಬಿಳಿ ನೀರುನಾಯಿಯೊಂದು ತನ್ನ ಪಕ್ಕದ ಬಿಳಿ ಮರಿಯನ್ನು ನೋಡುತ್ತಿತ್ತು.

ಅವಳು ಚಿತ್ರವನ್ನು ನೆಟ್ಟಗೆ ಮಾಡಿದಳು. ಮತ್ತೆ ಬಂಡೆಗೆ ಬಂದು ದೊಡ್ಡದು ಮಾಡಿ ನೋಡಿದಳು. ಪಾಚಿಯ ಒಂದೇ ಕಲೆ, ಅದೇ ಅಂಚು, ಅದೇ ಬಿರುಕಿನೊಡನೆ ಎರಡು ಕಡೆ ಇತ್ತು. ಅಣ್ಣ ಬಂಡೆಯ ಒಂದು ತುಂಡನ್ನು ನಕಲು ಮಾಡಿ ಮರಿಯ ಮೇಲೆ ಹೊದಿಸಿದ್ದ. ಜ್ವರದ ಕೈ, ನೀರಿನಲ್ಲಿ ಹೊದಿಸಲು ಮರೆತಿತ್ತು.

ಮಧ್ಯಾಹ್ನ ಅತ್ತಿಗೆಯ ಮನೆಗೆ ಹೋದಾಗ ಅಣ್ಣನ ಬೂಟುಗಳು ಬಾಗಿಲ ಬಳಿಯೇ ಇದ್ದವು. ಅತ್ತಿಗೆ ಅವನ ಲೆನ್ಸುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.

"ಹೇಳು. ಸುಳ್ಳಾ?"

"ಪ್ರಾಣಿ ನಿಜ ಅತ್ತಿಗೆ. ಚಿತ್ರ ತಿದ್ದಿದ್ದು."

"ಒಂದೇ ಬಾಯಲ್ಲಿ ಎರಡು ಮಾತಾಡ್ಬೇಡ."

ಅವಳು ಚಿತ್ರ ತಿರುಗಿಸಿ ತೋರಿಸಿದಳು. ಅತ್ತಿಗೆ ನೀರಿನೊಳಗಿನ ಮರಿಯ ಮೇಲೆ ಬೆರಳಿಟ್ಟಳು.

"ನನಗೂ ಹೇಳಲಿಲ್ಲ ನೋಡು, ಕಳ್ಳ."

"ಒಂಟಿಯಾಗಿದ್ರೆ ಅದು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಮರಿ ಇದ್ರೆ ಬಿಲದ ಹತ್ತಿರಾನೇ ಇರುತ್ತೆ. ಹಿಡಿಯೋರಿಗೆ ಅಷ್ಟು ಗೊತ್ತಾದ್ರೆ ಸಾಕು. ಅದಕ್ಕೇ ಮುಚ್ಚಿದ್ದಾನೆ."

ಅತ್ತಿಗೆ ಬೆರಳು ಹಿಂದಕ್ಕೆಳೆದುಕೊಂಡಳು. ತನ್ನ ಫೋನನ್ನು ಮುಂದಿಟ್ಟಳು. ಬೈಗುಳಗಳ ನಡುವೆ ಅಪರಿಚಿತರ ನಯವಾದ ಪ್ರಶ್ನೆಗಳಿದ್ದವು: ಮಡುವಿಗೆ ದಾರಿ ಯಾವುದು, ಜೊತೆಗೆ ಮರಿ ಇತ್ತೇ, ಚಿತ್ರ ನಿಜವೆಂದು ಖಚಿತವಾದರೆ ತಿಳಿಸಿ.

"ನಾನೇ ಜಾಗದ ಹೆಸರು ಬರೆದುಬಿಟ್ಟೆ. ಅಳಿಸಿದ್ರೂ ಅಷ್ಟರಲ್ಲಿ ಊರೆಲ್ಲ ಹಂಚಿಯಾಗಿದೆ." ಆಮೇಲೆ ಕೇಳಿದಳು, "ತಿದ್ದಿದ್ದು ಅಂತ ಬಂದ್ರೆ?"

"ಮಡುವಿನ ಕಡೆ ಯಾರೂ ಹೋಗಲ್ಲ. ಎರಡನೇ ಸಲ ನೋಡೋದೂ ಇಲ್ಲ. ಆದ್ರೆ ಅಣ್ಣ ಸುಳ್ಳುಗಾರನಾಗೇ ಉಳೀತಾನೆ ಅತ್ತಿಗೆ. ಜನ ನಿಮ್ಮನ್ನೂ ಬಿಡಲ್ಲ."

ಅತ್ತಿಗೆ ಕೊನೆಯ ಲೆನ್ಸನ್ನು ಸುತ್ತಿದಳು. ಗಂಟು ಬಿಗಿಯಾಯಿತೇ ಎಂದು ಎಳೆದು ನೋಡಿದಳು.

"ನಾವಿಬ್ರೂ ತಿಳ್ಕೊಂಡಿದ್ದೀವಲ್ಲ. ಅಷ್ಟು ಸಾಕು ನಿಮ್ಮಣ್ಣನಿಗೆ. ಹೋಗಿ ಬರಿ."

ಸಂಜೆ ಚಾಳೀಸು ಅವಳ ಬೆನ್ನ ಹಿಂದೆ ಬಂದು ನಿಂತರು. ಅವಳು ಬಂಡೆಯ ಎರಡು ಪಾಚಿ ಕಲೆಗಳನ್ನು ತೋರಿಸಿದಳು.

"ಹಾಗಾದ್ರೆ ನೀರುನಾಯಿ?"

"ಬಂಡೆ ತಿದ್ದಿದ್ದು ಸರ್. ಅಷ್ಟು ಮಾತ್ರ ಬರೀತೀನಿ."

ಅವರು ಅವಳ ಮುಖ ನೋಡಿದರು. ಕನ್ನಡಕ ಒರೆಸಿಕೊಳ್ಳುತ್ತ ಹೋದರು.

ಪರದೆಯ ಮೇಲೆ ಬಿಳಿ ತಾಯಿ ಖಾಲಿ ಜಾಗವನ್ನು ನೋಡುತ್ತಲೇ ಇತ್ತು. ಅವಳು ಅಣ್ಣನ ಹೆಸರನ್ನು ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ ಟೈಪ್ ಮಾಡಿದಳು. ಅದರ ಕೆಳಗೆ 'ತಿದ್ದಿದ್ದು' ಎಂದು ಬರೆದು ಪುಟವನ್ನು ಕಳಿಸಿದಳು.